ಗೊತ್ತಿಲ್ಲದ ಮೇಷ್ಟ್ರು

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಮಾತೂ ಸಾಲದು. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು. ಓದುವವರು ದಯವಿಟ್ಟು ಕ್ಷಮಿಸಬೇಕು. ಆದರೂ ನಮ್ಮ ಮೇಷ್ಟ್ರ ಬಗ್ಗೆ ಯಾರಾದರೂ ಬರೆಯಬೇಕು, ಬೇರೆ ಯಾರೂ ಬರೆಯುವ ಹಾಗೆ ಕಾಣುತ್ತಿಲ್ಲ.

ಅವರು ತಮಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಯಾರಿಗೂ ಕೇಳುವುದಿಲ್ಲ. ಮೇಷ್ಟ್ರಾಗಿದ್ದುಕೊಂಡು ಹೀಗಿರುವುದು ಎಷ್ಟು ಕಷ್ಟವೆಂದು ಯೋಚಿಸಿ ನೋಡಿ. ಮಕ್ಕಳು ಏನಾದರೂ ಕೇಳಿದರೆ, ಗೊತ್ತಿದ್ದದ್ದನ್ನು ಹೇಳಿಬಿಡುತ್ತಾರೆ. ಗೊತ್ತಿಲ್ಲದಿದ್ದರೆ ತಲೆಯನ್ನು ಒಂದು ಕಡೆಗೆ ವಾಲಿಸಿ, "ನಂಗೂ ಗೊತ್ತಿಲ್ಲ, ನೋಡೋಣ" ಎನ್ನುತ್ತಾರೆ. ಪೇಟೆಯ ಹುಡುಗರು ಅವರಿಗೆ 'ಗೊತ್ತಿಲ್ಲದ ಮೇಷ್ಟ್ರು' ಎಂದೇ ಹೆಸರಿಟ್ಟರು. ನಮ್ಮಜ್ಜಿಯೂ ಬಿಡಲಿಲ್ಲ.

"ಗೊತ್ತಿಲ್ಲ ಅನ್ನೋಕೂ ಸಂಬಳ ಕೊಡ್ತಾರೇನಪ್ಪಾ? ಹಾಗಾದ್ರೆ ನನ್ನನ್ನೂ ಸೇರಿಸ್ಕೋ."

"ನಿಮಗೆ ಎಲ್ಲಾ ಗೊತ್ತಲ್ಲ ಅಜ್ಜಿ, ನಿಮಗೆ ಈ ಕೆಲಸ ಸಿಗಲ್ಲ."

ಅವರು ನೆಲದ ಮೇಲೂ ದೋಣಿಯಲ್ಲಿ ನಿಂತವರ ಹಾಗೆ ಕಾಲು ಅಗಲಿಸಿ, ತುಸು ತೂಗಾಡುತ್ತಾ ನಡೆಯುತ್ತಾರೆ. ಅವರ ಕಂದು ಕೋಟು ಅವರಿಗಿಂತ ದೊಡ್ಡದು. ಅದರ ಜೇಬುಗಳಲ್ಲಿ ಚಿಪ್ಪು, ಬಲೆಗೆ ಕಟ್ಟುವ ಸೀಸದ ಗುಂಡು, ಸೀಮೆಸುಣ್ಣದ ಚೂರುಗಳು ಕಲಕಲ ಎನ್ನುವುದರಿಂದ, ಅವರು ಬಾಗಿಲಿಗೆ ಬರುವ ಮೊದಲೇ ಕೋಟು ಬಂದಿರುತ್ತದೆ.

ಪೇಟೆ ಹುಟ್ಟುವುದಕ್ಕೆ ಮೊದಲಿನಿಂದಲೂ ಈ ಹೊಳೆಯ ದಡದಲ್ಲಿರುವವರು ನಾವು, ಮೇಷ್ಟ್ರೂ ನಮ್ಮವರೇ. ನಮ್ಮಲ್ಲಿ ಮಕ್ಕಳು ದೊಡ್ಡವರ ಪಕ್ಕದಲ್ಲಿ ಕೂತು, ನೋಡಿ ನೋಡಿ ಕಲಿಯುತ್ತಾರೆ. ಗೊತ್ತಿದ್ದೂ ಕೇಳುವವರು ಗೇಲಿ ಮಾಡುತ್ತಿದ್ದಾರೆ ಎಂದೇ ಲೆಕ್ಕ. ಅಂಥ ಮಾತಿಗೆ ಕಣ್ಣು ತಗ್ಗಿಸಿ ಸುಮ್ಮನಿರುವುದು ಮರ್ಯಾದೆ. ನಾನು ಶಾಲೆಯಲ್ಲಿ ಆ ಮರ್ಯಾದೆಯಿಂದಲೇ ನಿಂತು ನಿಂತು ಮೂಗಿ ಎನಿಸಿಕೊಂಡೆ. ಒಂದು ದಿನ ಹೋಗುವುದನ್ನೇ ನಿಲ್ಲಿಸಿದೆ. ಮೇಷ್ಟ್ರು ಬಂದದ್ದು ಅದಾದ ಮೇಲೆ.

ಈಗ ತಂಗಿಯನ್ನು ಬಿಡಲು ಹೋದವಳು ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತುಬಿಡುತ್ತೇನೆ. ಏಳಬೇಕೆಂದುಕೊಳ್ಳುತ್ತೇನೆ, ಆಗುವುದಿಲ್ಲ. ಹೊಳೆಯ ಮೇಲೆ ಬಿದ್ದ ಬಿಸಿಲು ಕಿಟಕಿಯಿಂದ ಒಳಬಂದು ಚಾವಣಿಯ ತುಂಬ ಅಲೆಯಾಡುತ್ತದೆ; ಅದರ ಕೆಳಗೆ ಬಲೆಯ ಕಣ್ಣುಗಳಲ್ಲಿ ಗುಣಾಕಾರ ನಡೆಯುತ್ತಿರುತ್ತದೆ, ಮೀನಿನ ಕಿವಿರಿನಲ್ಲಿ ಉಸಿರಾಟದ ಪಾಠ. ಗೋಡೆಯ ನಕ್ಷೆಯಲ್ಲಿ ಹೊಳೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ದೋಣಿಯಲ್ಲಿ ಕೂತು ಹುಟ್ಟು ಹಾಕುತ್ತಾ ಮೂಲದ ಕಡೆಗೆ ಹೋಗುವವರಿಗೆ ಕಾಣುವ ಹಾಗೆ. ಅದನ್ನು ನೋಡುತ್ತಾ ನೋಡುತ್ತಾ, ಬೆಂಚೇ ಮೆಲ್ಲಗೆ ತೇಲಿದಂತಾಗುತ್ತದೆ.

ಇದಕ್ಕೆಲ್ಲ ಶಿಕ್ಷಣ ಕಚೇರಿ ಒಂದು ವರ್ಷದ ಒಪ್ಪಿಗೆ ಕೊಟ್ಟಿತ್ತು. ಕೊನೆಗೆ ಅಧಿಕಾರಿ ಬಂದು ನೋಡುವುದು. ಮಕ್ಕಳು ಕಲಿತಿಲ್ಲವೆಂದರೆ ಈ ಪಾಠಗಳು ನಿಂತು ಮತ್ತೆ ಅಚ್ಚಾದ ಪುಸ್ತಕವೊಂದೇ. ಅಧಿಕಾರಿ ಮೇಡಂ ಬಂದ ದಿನ ದಟ್ಟ ಮಂಜು. ಒಳ್ಳೆಯವರೇ, ಮೆಲುದನಿಯವರು. ಮೇಜಿನ ಮೇಲಿನ ಬಲೆಯ ತುಂಡನ್ನು ಎತ್ತಿ ಹಿಡಿದು, ಇದೇನು ಮಕ್ಕಳೇ ಎಂದು ಕೇಳಿದರು. ಇದರಲ್ಲಿ ಎಷ್ಟು ಕಣ್ಣುಗಳಿವೆ ಎಂದರು. ಎಲ್ಲರ ತಲೆಯೂ ತಗ್ಗಿತು. ಹೆಡ್‌ಮೇಡಂ ಮೇಷ್ಟ್ರ ಹತ್ತಿರ ಬಂದು, ನೀವೊಂದು ಮಾತು ಹೇಳಿದರೆ ಅವು ಬಾಯಿಬಿಡುತ್ತವೆ, ಹೇಳಿಬಿಡಿ ಎಂದು ಪಿಸುಗುಟ್ಟಿದರು. ಮೇಷ್ಟ್ರ ಕೈ ಜೇಬಿನಲ್ಲಿತ್ತು. ಚಿಪ್ಪುಗಳು ಅಲುಗುವ ಸದ್ದು ನನಗೆ ಹಿಂದಿನ ಬೆಂಚಿಗೂ ಕೇಳಿಸಿತು. ಅವರು ಮಕ್ಕಳನ್ನು ಬಿಟ್ಟು ಅಧಿಕಾರಿಯ ಕಡೆ ತಿರುಗಿದರು.

"ಮೇಡಂ, ನಿಮಗೆ ನಿಜವಾಗಿ ಗೊತ್ತಿಲ್ಲದ್ದು ಏನಾದ್ರೂ ಇದ್ರೆ ಕೇಳಿ" ಎಂದರು.

ಅಧಿಕಾರಿ ಅವರನ್ನೇ ನೋಡಿದರು. ಕೋಪ ಬಂತೆಂದುಕೊಂಡೆ. ಅವರು ಕಿಟಕಿಯ ಕಡೆ ತಿರುಗಿ, ತಮಗೆ ತಾವೇ ಹೇಳಿಕೊಂಡಂತೆ ಅಂದರು: "ಈ ಮಂಜು ಯಾವಾಗ ಕರಗುತ್ತೋ. ನನ್ನ ದೋಣಿಯವನು ಹೊರಡಲ್ಲ ಅಂತ ಕೂತಿದಾನೆ."

ಆಗ ತಂಗಿ ಎದ್ದಳು. ಮಂಜು ಕರಗುವಾಗ ಊಟದ ಹೊತ್ತು ದಾಟುತ್ತದೆ ಎಂದಳು. ಪಕ್ಕದವನು ಬಿಡಲಿಲ್ಲ.

"ಇಲ್ಲ ಕಣೇ, ಅದಕ್ಕೂ ಮೊದ್ಲೇ ಕರಗುತ್ತೆ. ನೀರು ಇಳೀತಿದೆ, ಗಾಳಿ ತಿರುಗುತ್ತೆ."

"ತಿರುವಿನಲ್ಲಿ ಗಾಳಿ ಎಲ್ಲಿಂದ ಬರ್ಬೇಕು ನಿಂಗೆ? ನಿಮ್ಮಪ್ಪ ಊದ್ತಾನಾ?"

ಯಾರೋ ನಕ್ಷೆಯನ್ನೇ ಗೋಡೆಯಿಂದ ಇಳಿಸಿ ತಂದರು. ಹೊಳೆಯ ತಿರುವು, ನೀರಿಳಿಯುವ ಹೊತ್ತು, ಅದನ್ನು ಗುಣಿಸುವುದು, ಕಳೆಯುವುದು. ಅಧಿಕಾರಿ ಚಿಕ್ಕ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತು ಕೇಳುತ್ತಿದ್ದರು. ಮಂಜು ಮಾತ್ರ ಯಾರ ಲೆಕ್ಕಕ್ಕೂ ಸಿಗದೆ, ತನಗೆ ಬೇಕಾದಾಗ ಕರಗಿತು.

ಅಧಿಕಾರಿ ಹೋಗುವಾಗ, ಪಾಠ ಮುಂದುವರಿಯಲಿ, ಆದರೆ ಚಿಕ್ಕವರ ಕೋಣೆಗೂ ಇದು ಬರಬೇಕು, ಅಲ್ಲಿ ಕೂರಲು ನಿಮ್ಮ ಜನರಲ್ಲೇ ಇನ್ನೊಬ್ಬರು ಬೇಕು ಎಂದು ಮೇಷ್ಟ್ರಿಗೆ ಹೇಳಿದರು. ಸಿಗದಿದ್ದರೆ ಈ ಪಾಠಗಳ ಪರವಾಗಿ ನಾನು ಕಚೇರಿಯಲ್ಲಿ ವಾದಿಸಲಾರೆ ಎಂದರು.

ಇವತ್ತು ಸಂಜೆ ಮೇಷ್ಟ್ರು ನಮ್ಮ ಮನೆಯ ಮೆಟ್ಟಿಲ ಬಳಿ ನಿಂತರು. ಶಾಲೆ ಯಾಕೆ ಬಿಟ್ಟೆ ಎಂದು ಅವರು ಎಂದೂ ಕೇಳಿದವರಲ್ಲ; ಅದು ಅವರಿಗೆ ಗೊತ್ತಿತ್ತು.

"ನೀನು ಬರ್ತೀಯೋ ಇಲ್ವೋ, ನಂಗೆ ಗೊತ್ತಿಲ್ಲ ಮಗಳೇ. ಅದಕ್ಕೇ ಕೇಳ್ತಿದೀನಿ."

ನಾನು ರೂಢಿಯಂತೆ ಕಣ್ಣು ತಗ್ಗಿಸಿದೆ. ಅವರು ಅವಸರ ಮಾಡಲಿಲ್ಲ. ತೂಗಾಡುತ್ತಾ ಹೊರಟುಹೋದರು.

ಕಲಿಸುವವರು ಸಾಮಾನ್ಯವಾಗಿ ಎತ್ತರದಲ್ಲಿ ನಿಂತು ಕರೆಯುತ್ತಾರೆ. ಇಂಥ ಕೆಲವರು ಮಾತ್ರ ತಮ್ಮ ಅರಿವು ಮುಗಿಯುವ ಅಂಚಿನವರೆಗೆ ನಡೆದುಹೋಗಿ, ಅಲ್ಲಿ ಪಕ್ಕಕ್ಕೆ ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟು ಕಾಯುತ್ತಾರೆ. ಅಲ್ಲಿ ನಿಂತವರಿಗೆ ತಮ್ಮ ದನಿ ತಮಗೇ ಮೊದಲ ಸಲ ಕೇಳಿಸುತ್ತದೆ.

ನಾಳೆ ಬೆಳಗ್ಗೆ ತಂಗಿಗೆ ಜಡೆ ಹಾಕಿ, ಅವಳ ಜೊತೆ ಹೋಗಿ, ಮೇಷ್ಟ್ರಿಗೆ ಹೂಂ ಎಂದು ಹೇಳಿ ಚಿಕ್ಕವರ ಕೋಣೆಯಲ್ಲಿ ಕೂರುತ್ತೇನೆ.