ಬೋಟಿನ ಕಾಲು

ಹಾಲಸ್ವಾಮಿಯ ಕೈಗೆ ಬಂದ ಗೇರುಪೆಟ್ಟಿಗೆ ಸರಿಹೋಗದೆ ಉಳಿಯಿತೆಂದು ಭದ್ರಾವತಿಯಲ್ಲಿ ಯಾರೂ ಹೇಳಿದ್ದಿಲ್ಲ. ಲಾರಿ ರಿಪೇರಿಯವನೇ ಆದರೂ ಆಸಾಮಿಗೆ ಹಮ್ಮು ಮಾತ್ರ ಹಡಗು ಕಟ್ಟಿದವನಷ್ಟಿತ್ತು.

ಅರವತ್ತೆಂಟರ ಆಯುಧಪೂಜೆಯ ಬೆಳಿಗ್ಗೆ ಸ್ಪ್ಯಾನರುಗಳಿಗೆಲ್ಲ ವಿಭೂತಿ ಹಚ್ಚಿ, ಕುಂಬಳಕಾಯಿ ಒಡೆದು ಕೈ ತೊಳೆಯುತ್ತಿದ್ದಾಗ ಹೊನ್ನಯ್ಯ ಬಸ್ಸಿನಿಂದ ಒಂದು ಗೋಣಿಮೂಟೆ ಇಳಿಸಿದ. ಲಕ್ಕವಳ್ಳಿ ಡ್ಯಾಮಿನ ಹಿನ್ನೀರಿನಲ್ಲಿ ಮರದ ಕಂಟ್ರಾಕ್ಟರನ ಮೋಟಾರುಬೋಟು ಓಡಿಸುವವನು. ಆ ಬೋಟಿನ ಎಂಜಿನ್ನು ಒಳಗೆ, ಗೇರೂ ನೀರು ತಳ್ಳುವ ಫ್ಯಾನೂ ಹಿಂದೆ ನೀರಿಗಿಳಿದ ಕಾಲಿನಲ್ಲಿ. ಆ ಕಾಲನ್ನೇ ಕಳಚಿ ತಂದಿದ್ದ.

ಜಿನುಗುತ್ತಿದ್ದ ಎಣ್ಣೆಯನ್ನು ಹಾಲಸ್ವಾಮಿ ಬೆರಳಿಗೆ ಹಚ್ಚಿ ನೋಡಿದ. ಮಜ್ಜಿಗೆಯಂತೆ ಬೆಳ್ಳಗಾಗಿತ್ತು.

"ಸೀಲ್ ಸವೆದು ನೀರು ಹೊಕ್ಕಿದೆ. ಒಂದು ಗಂಟೆ ಕೆಲಸ."

"ಹೊಸ ಸೀಲ್ ನಿನ್ನೇನೇ ಶಿವಮೊಗ್ಗದಲ್ಲಿ ಹುಡುಕಿ ತಂದಿದೀನಿ ಯಜಮಾನ್ರೆ. ಇವತ್ತೇ ಹಾಕಿಕೊಡಿ. ಅವ್ವ ಆಚೆ ದಡದಲ್ಲಿ ಮಲಗಿಬಿಟ್ಟಿದಾಳೆ, ಆಸ್ಪತ್ರೆಗೆ ತರಬೇಕು."

"ಪೂಜೆಗಿಟ್ಟ ಸಾಮಾನು ಇವತ್ತು ಮುಟ್ಟೋ ಹಾಗಿಲ್ಲ ಮಾರಾಯ. ನಾಳೆ ದಶಮಿ, ಮೊದಲ ಕೆಲಸ ನಿಂದೇ."

ಅವಸರದ ಗಿರಾಕಿಗಳಿಗೆಲ್ಲ ಮನೆಯಲ್ಲೊಬ್ಬಳು ಹಾಸಿಗೆ ಹಿಡಿದ ತಾಯಿ ಇದ್ದೇ ಇರುತ್ತಾಳೆ ಎಂಬುದು ಅವನ ಮೂವತ್ತು ವರ್ಷದ ಅನುಭವ. ಈ ಅನುಭವ ಎಂಬುದಿದೆಯಲ್ಲ, ಅದು ಎಷ್ಟೋ ಸಲ ಮನುಷ್ಯನ ಕಿವಿಗೆ ಹತ್ತಿ ತುರುಕುತ್ತದೆ. ಹೊನ್ನಯ್ಯ ಕಾಲನ್ನೂ ಸೀಲನ್ನೂ ಅಲ್ಲೇ ಬಿಟ್ಟ. ಕೊಟ್ಟ ಪ್ರಸಾದ ಕಣ್ಣಿಗೊತ್ತಿಕೊಂಡು ಬಸ್ಸು ಹತ್ತಿದ.

ಮರುದಿನ ಹಾಲಸ್ವಾಮಿ ಮಾತಿನಂತೆ ಆ ಕಾಲನ್ನೇ ಮೊದಲು ಬಿಚ್ಚಿದ. ಫ್ಯಾನು ಕಳಚಿ, ಗೇರಿನ ಹಲ್ಲುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಸೀಲ್ ಕೂರಿಸಿ ಎಣ್ಣೆ ತುಂಬಿದ. ಗಂಟೆಯೂ ಹಿಡಿಯಲಿಲ್ಲ. ಹೊನ್ನಯ್ಯ ಬಾರದ್ದರಿಂದ ತಾನೇ ಲಾರಿಯಲ್ಲಿ ಹೇರಿಕೊಂಡು ಲಕ್ಕವಳ್ಳಿಗೆ ಹೋದ.

ದಡದಲ್ಲಿ ಜನ ಸೇರಿದ್ದರು. ರಾತ್ರಿ ಕಾಯಿಲೆ ಹೆಚ್ಚಿದ್ದರಿಂದ ಹೊನ್ನಯ್ಯ ಬೋಟಿಗೆ ಕಾಯದೆ, ಬೆಳಗಾಗುತ್ತಲೇ ತಾಯಿ ಹುಚ್ಚಮ್ಮನನ್ನು ತೆಪ್ಪದ ಮೇಲೆ ಕರೆತಂದಿದ್ದ. ಎದುರುಗಾಳಿಗೆ ಸಿಕ್ಕಿ ಈಚೆ ಮುಟ್ಟಲು ಮೂರು ಗಂಟೆ ಹಿಡಿಯಿತಂತೆ. ನಡುನೀರಿನಲ್ಲೇ ಅವಳ ಉಸಿರು ನಿಂತಿತ್ತು. ಈಗ ಮಣ್ಣು ಮಾಡಲು ಮತ್ತೆ ಆಚೆ ದಡಕ್ಕೇ ಒಯ್ಯಬೇಕು.

ಹಾಲಸ್ವಾಮಿ ಬೋಟಿಗೆ ಕಾಲು ಜೋಡಿಸತೊಡಗಿದ. ನಿನ್ನೆ ಸ್ಪ್ಯಾನರು ಮುಟ್ಟಿದ್ದರೆ ದೇವರು ಕೋಪಿಸಿಕೊಳ್ಳುತ್ತಿರಲಿಲ್ಲ, ಕೋಪಿಸಿಕೊಂಡಿದ್ದರೂ ಪರವಾಗಿರಲಿಲ್ಲ ಎಂದು ಈಗ ಹೊಳೆಯಿತು. ಹೊಳೆದು ಬಂದದ್ದೇನು?

"ತಪ್ಪಾಯ್ತು ಹೊನ್ನಯ್ಯ."

"ಹಬ್ಬ ಅಲ್ವಾ, ನೀವಾದ್ರೂ ಏನು ಮಾಡ್ತೀರಿ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಾಲಸ್ವಾಮಿ ತಲೆ ತಗ್ಗಿಸಿ ತಾನೂ ಬೋಟು ಹತ್ತಿ ಕೂತ.

ಎಂಜಿನ್ನು ಒಂದೇ ಸಲಕ್ಕೆ ಹತ್ತಿಕೊಂಡಿತು. ನಡುನೀರು ಬಂದಾಗ ಹೊನ್ನಯ್ಯ ತಾಯಿಯ ಮುಖದ ಮೇಲಿನ ಸೆರಗು ಸರಿಮಾಡಿ, ಹಾಲಸ್ವಾಮಿಯ ಕಡೆ ತಿರುಗಿದ.

"ಒಳ್ಳೆ ಕೆಲಸ ಮಾಡಿದೀರಿ ಯಜಮಾನ್ರೆ. ಹತ್ತೇ ನಿಮಿಷಕ್ಕೆ ಅರ್ಧ ದಾರಿ ಬಂದ್ವಿ."