ಸಹಿ ಮಾಡಿದ ಖಾಲಿ ಹಾಳೆಗಳು

ಶಾಮಿಯಾನಕ್ಕೆ ಆರು ಸಾವಿರ, ಡೊಳ್ಳಿನವರಿಗೆ ಎಂಟು ಸಾವಿರ, ಹಾವೇರಿಯಿಂದ ತರಿಸಿದ ಏಲಕ್ಕಿ ಹಾರಕ್ಕೆ ಎರಡು ಸಾವಿರದ ಇನ್ನೂರು, ಬಸ್ ನಿಲ್ದಾಣದ ಎದುರು ಕಟ್ಟಿದ ಎರಡು ಫ್ಲೆಕ್ಸ್‌ಗೆ ಎರಡು ಸಾವಿರದ ನಾನೂರು. ನೂರೈವತ್ತು ಜನರ ಊಟದ ಖರ್ಚು ಬೇರೆ. ಆರ್ಚ್‌ಬಿಷಪ್ ರಾಯಪ್ಪನವರು ಸಾಸ್ವೆಹಳ್ಳಿಗೆ ಎರಡು ದಿನ ಬಂದು ಹೋಗಲು ಇಷ್ಟು ಖರ್ಚಾಯಿತು. ಅದನ್ನೆಲ್ಲ ಕೊಟ್ಟವನು ಅವರ ಅಕ್ಕನ ಮಗ ಪ್ರವೀಣ್ ಕುಮಾರ್. ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಅವನು ಲಾಭವಿಲ್ಲದ ಕಡೆ ದುಡ್ಡು ಹಾಕುವವನಲ್ಲ.

ಆರ್ಚ್‌ಬಿಷಪ್‌ಗೆ ಏನೂ ಬೇಕಿರಲಿಲ್ಲ. ಹನ್ನೆರಡನೆಯ ವಯಸ್ಸಿಗೆ ತಗಡಿನ ಪೆಟ್ಟಿಗೆ ಹಿಡಿದು, ಪಾದ್ರಿಯಾಗಲು ಓದುವ ಗುರುಮಠ ಸೇರಿದವರು ಇಪ್ಪತ್ತೇಳಕ್ಕೆ ಪಾದ್ರಿ, ಐವತ್ತಕ್ಕೆ ಬಿಷಪ್, ಅರವತ್ತೊಂದಕ್ಕೆ ದೂರದ ದೊಡ್ಡ ಪಟ್ಟಣವೊಂದರಲ್ಲಿ ಆರ್ಚ್‌ಬಿಷಪ್ ಆಗಿದ್ದರು. ಎಪ್ಪತ್ತೈದು ತುಂಬಿದ ದಿನ ರಾಜೀನಾಮೆ ಪತ್ರವನ್ನು ರೋಮ್‌ಗೆ ಕಳಿಸಬೇಕೆಂಬುದು ಅವರ ಕ್ಯಾಥೋಲಿಕ್ ಧರ್ಮಸಭೆಯ ನಿಯಮ. ಅದಕ್ಕೆ ಇನ್ನು ಹತ್ತು ತಿಂಗಳು ಉಳಿದಿತ್ತು. ಅಲ್ಲಿಯವರೆಗೆ ಮಂಡಿ ನೋವಿಲ್ಲದೆ ಮೆಟ್ಟಿಲು ಹತ್ತಿದರೆ ಸಾಕೆಂದು ಅವರು ಕಾಯುತ್ತಿದ್ದರು. ಅದೇ ಹತ್ತು ತಿಂಗಳನ್ನು ಪ್ರವೀಣನೂ ಎಣಿಸುತ್ತಿದ್ದ.

ಮಧ್ಯಾಹ್ನ ಜನ ಉಂಡು ಹೋದ ಮೇಲೆ ರಾಯಪ್ಪನವರು ನಡುಮನೆಯ ಮಂಚದಲ್ಲಿ ಕಾಲು ಚಾಚಿದರು. ಅಕ್ಕ ಲೂರ್ದಮ್ಮ ಪಕ್ಕದಲ್ಲಿ ಎಲೆ ಅಡಿಕೆ ಹಿಡಿದು ಕೂತಳು. ನಾಲ್ಕು ಜನರೆದುರು ತಮ್ಮನನ್ನು ‘ಸ್ವಾಮೇರು’ ಎನ್ನುವ ಆಕೆ, ಮನೆಯವರಷ್ಟೇ ಇದ್ದರೆ ‘ರಾಯ’ ಎನ್ನುತ್ತಿದ್ದಳು.

“ಕಾಲು ನೋಡೋ ರಾಯ, ಹೆಂಗೆ ಊದೈತೆ. ಇನ್ನಾದ್ರೂ ಆ ಬೂಟು ಬಿಡು.”

“ಬಿಟ್ರೆ ಚಪ್ಪಲೀಲಿ ಪೂಜೆ ಮಾಡ್ತಾನೆ ಆರ್ಚ್‌ಬಿಷಪ್ ಅಂತ ಪೇಪರ್‌ನಲ್ಲಿ ಹಾಕ್ತಾರೆ ಅಕ್ಕ.”

ಹೊರಗೆ ಪ್ರವೀಣನ ಗದರುವ ದನಿ ಕೇಳಿತು. “ಈಗ ಆಗಲ್ಲ ಕಣಮ್ಮ, ಸ್ವಾಮೇರು ಮಲಗ್ಯಾರೆ.”

“ಎದ್ದ ಮೇಲೆ ನೋಡ್ತೀನ್ರಿ. ಸಂಜಿ ಬಸ್ಸಿಗೆ ಹೋದ್ರಾತು,” ಎಂದಿತು ಹೆಣ್ಣು ದನಿ.

ಆರ್ಚ್‌ಬಿಷಪ್ ಒಳಗಿನಿಂದಲೇ ಕರೆದರು. ಬಂದಾಕೆಗೆ ಮೂವತ್ತರ ಆಸುಪಾಸು. ತ್ಯಾವಣಿಗೆಯ ಚೈತ್ರಾ. ನ್ಯಾಮತಿ ಕಡೆಯ ಒಂದು ಮಿಷನ್ ಶಾಲೆಯಲ್ಲಿ ಏಳು ವರ್ಷದಿಂದ ತಿಂಗಳಿಗೆ ಒಂಬತ್ತು ಸಾವಿರಕ್ಕೆ ಗಣಿತ ಹೇಳಿಕೊಡುತ್ತಿದ್ದಳು. ಈ ವರ್ಷ ಆ ಹುದ್ದೆ ಕಾಯಂ ಆಗುವುದಿತ್ತು. ಸಂದರ್ಶನಕ್ಕೆ ದಿನವೂ ಗೊತ್ತಾಗಿತ್ತು.

“ನಿಮ್ಮನ್ನ ಬೈಯಾಕೆ ಬಂದಿಲ್ರಿ. ಒಂದು ಮಾತು ಕೇಳಾಕೆ ಬಂದೆ,” ಎಂದಳು ನಿಂತುಕೊಂಡೇ. “ನಿಮ್ಮ ಪತ್ರ ಬಂತು ಅಂತ ಸಂದರ್ಶನ ರದ್ದು ಮಾಡಿದ್ರು. ಮುಂದಿನ ತಿಂಗಳಿಂದ ಬರಬೇಡ ಅಂದ್ರು. ನನ್ನ ತಪ್ಪೇನು ಅಂತ ನಿಮಗೆ ಗೊತ್ತಿದ್ರೆ ಹೇಳ್ರಿ. ತಿದ್ದಿಕೊಂಡು ಬೇರೆ ಕಡೆನಾದ್ರೂ ನೆಟ್ಟಗೆ ಮಾಡ್ತೀನಿ.”

“ನನ್ನ ಪತ್ರಾನಾ?”

ಆಕೆ ಮೊಬೈಲ್ ಮುಂದೆ ಹಿಡಿದಳು. ಶಾಲೆಯ ಗುಮಾಸ್ತರೊಬ್ಬರು ಕನಿಕರಪಟ್ಟು ಪತ್ರದ ಫೋಟೋ ತೆಗೆಯಲು ಬಿಟ್ಟಿದ್ದರು. ಮೇಲೆ ರಾಯಪ್ಪನವರ ಮುದ್ರೆ, ಕೆಳಗೆ ಅವರದೇ ಸಹಿ. ನಡುವೆ, ಗಣಿತದ ಹುದ್ದೆಗೆ ಶ್ರೀಮತಿ ಮೇಘಶ್ರೀ ಅವರನ್ನೇ ತೆಗೆದುಕೊಳ್ಳಬೇಕೆಂಬ ನಾಲ್ಕು ಸಾಲು. ಮೇಘಶ್ರೀ ಎಂದರೆ ಪ್ರವೀಣನ ಹೆಂಡತಿ.

ರಾಯಪ್ಪನವರು ಕನ್ನಡಕ ತೆಗೆದರು. ಹದಿನೈದು ವರ್ಷದ ಹಿಂದೆ ನೆರೆಮನೆಯ ಬಂಗಾರಮ್ಮನ ಮಗುವಿಗೆ ಮಿಷನ್ ಆಸ್ಪತ್ರೆಯಲ್ಲಿ ರಿಯಾಯಿತಿ ಕೊಡಿಸಲೆಂದು ಅಕ್ಕ ಪತ್ರ ಕೇಳಿಕೊಂಡು ಅವರಲ್ಲಿಗೆ ಹೋಗಿದ್ದಳು. ಅವರು ಊರಲ್ಲಿರಲಿಲ್ಲ. ಆಕೆ ಎರಡು ದಿನ ಬಿಷಪ್ ನಿವಾಸದ ಜಗುಲಿಯಲ್ಲಿ ಮಲಗಿ ಕಾದಿದ್ದಳು. ತಮ್ಮನ್ನು ಓದಿಸಲು ಕಂಡವರ ಗದ್ದೆಯಲ್ಲಿ ಕಳೆ ಕಿತ್ತ ಅಕ್ಕ ಹೀಗೆ ಕಾಯುವುದು ಬೇಡವೆಂದು ಅಂದಿನಿಂದ ಅವರು ಪ್ರತಿ ಕ್ರಿಸ್ಮಸ್‌ಗೆ ಹತ್ತು ಖಾಲಿ ಲೆಟರ್‌ಹೆಡ್‌ಗಳಿಗೆ ಸಹಿ ಹಾಕಿ ಕೊಟ್ಟು ಹೋಗುತ್ತಿದ್ದರು. ಬಡ ರೋಗಿಗಳು ಬಂದರೆ ಬರೆದುಕೊಳ್ಳಲಿ ಎಂದು.

“ಅಕ್ಕ, ಆ ಹಾಳೆಗಳಲ್ಲಿ ಆಸ್ಪತ್ರೆಗೆ ಎಷ್ಟು ಹೋದವು, ಬೇರೆಯದಕ್ಕೆ ಎಷ್ಟು?”

ಲೂರ್ದಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. “ಮೊದಲು ಎಲ್ಲಾ ಆಸ್ಪತ್ರೆಗೇ. ಆಮೇಲೆ ಕಾಲೇಜು ಸೀಟು ಅಂದ್ರು. ಹಾಸ್ಟೆಲ್ ಅಂದ್ರು. ಪ್ರವೀಣ ಟೈಪ್ ಮಾಡಿಸ್ತಿದ್ದ. ನನಗೆ ಓದಾಕೆ ಬರತೈತಾ?”

ಪ್ರವೀಣ ಮುಂದೆ ಬಂದ. “ಮಾವ, ಒಳ್ಳೇದೇ ಆತು, ಬಿಡಿಸಿ ಹೇಳ್ತೀನಿ. ಐವತ್ತು ವರ್ಷ ಊರೋರಿಗೆಲ್ಲಾ ಮಾಡಿದ್ರಿ. ಮನೆಯೋರಿಗೆ ಏನು ಮಾಡಿದ್ರಿ? ಬೇರೆ ಶಾಲೆಯೋರು ಕೆಲಸ ಕೊಡಾಕೆ ಒಂಬತ್ತು ಲಕ್ಷ ಕೇಳ್ತಾರೆ. ಎಲ್ಲಿಂದ ತರಲಿ? ಎಮ್ಮೆಲ್ಲೆ ತನ್ನ ಅಳಿಯನಿಗೆ ಮಾಡಿದ್ರೆ ಸರಿ, ನಾವು ಮಾಡಿದ್ರೆ ಪಾಪನಾ? ಹತ್ತು ತಿಂಗಳು ಕಳದ್ರೆ ನಿಮ್ಮ ಸಹಿಗೆ ಶಾಲೆ ಜವಾನನೂ ಎದ್ದು ನಿಲ್ಲಲ್ಲ.”

ಬಾಗಿಲಲ್ಲಿ ನಿಂತಿದ್ದ ಮೇಘಶ್ರೀ ತಗ್ಗಿದ ದನಿಯಲ್ಲಿ ಅಂದಳು: “ನಾನೂ ಬಿ.ಎಡ್. ಮಾಡೀನಿ ಮಾವ. ಐದು ವರ್ಷದಿಂದ ಅಂಗಡೀಲಿ ಚೀಲ ಎಣಿಸ್ತಾ ಕೂತೀನಿ. ನನಗೂ ಪಾಠ ಮಾಡಾಕೆ ಆಸೆ ಐತಿ.”

ಅದೂ ಸುಳ್ಳಲ್ಲ. ಆರ್ಚ್‌ಬಿಷಪ್ ಚೈತ್ರಾಳ ಕಡೆ ತಿರುಗಿದರು. ಈ ಹೆಣ್ಣುಮಗಳು ಎರಡು ಬಸ್ ಬದಲಿಸಿ ಕೇಳಲು ಬಂದಳು. ಕೇಳದೆ ಮನೆಗೆ ಹೋದವರು ಎಷ್ಟು ಮಂದಿಯೋ? ಯಾರ ಸೀಟು, ಯಾರ ಅನ್ನ ತಮ್ಮ ಹೆಸರಿನಲ್ಲಿ ಕೈಬದಲಾಯಿತೋ? ಪ್ರಾಮಾಣಿಕತೆಯ ಬಗ್ಗೆ ತಾವು ಬರೆದ ಸುತ್ತೋಲೆಗಳು ನೆನಪಾಗಿ ಅವರಿಗೆ ಇನ್ನಷ್ಟು ದಣಿವಾಯಿತು.

“ಉಳಿದ ಹಾಳೆ ತಗೊಂಡು ಬಾ ಅಕ್ಕ.”

ಟ್ರಂಕಿನಿಂದ ನಾಲ್ಕು ಹಾಳೆ ಬಂದವು. ಅವರು ನಾಲ್ಕನ್ನೂ ಹರಿದರು.

ಲೂರ್ದಮ್ಮ ಸಿಟ್ಟಿನಿಂದ ಎದ್ದಳು. “ಹರಿ, ಹರಿ! ನಮ್ಮ ಕೇರಿ ಕೊಲ್ಲಾಪುರಮ್ಮನ ಗರ್ಭಕೋಶದ ಆಪರೇಷನ್ ಇದೇ ಹಾಳೆಯಿಂದ ಆತು. ಅದೂ ಪಾಪನಾ? ನಾಳೆ ಇನ್ನೊಬ್ಬಳು ಬಂದ್ರೆ ಏನು ಹೇಳಲಿ?”

“ನನ್ನ ಫೋನ್ ನಂಬರ್ ಕೊಡು. ಅವರೇ ನನ್ನ ಹತ್ರ ಮಾತಾಡಲಿ. ಕಷ್ಟ ಕೇಳಿ, ನಾನೇ ಬರೀತೀನಿ. ಕುರ್ಚಿ ಹೋದ ಮೇಲೆ ಬೇಡಿಕೊಂಡು ಬರೀತೀನಿ. ಜನರ ಕಷ್ಟ ಕೇಳೋ ತ್ರಾಸು ತಪ್ಪಿಸಿಕೊಳ್ಳಾಕೆ ಸಹಿ ಹಾಕಿಟ್ಟು ಹೋಗಿದ್ದೆ ಅಕ್ಕ. ಆ ಹೊರೆ ನಿನ್ನ ಮೇಲೆ ಹಾಕಿದೆ.”

ಆಮೇಲೆ ಅವರು ಒಂದು ಬಿಳಿ ಹಾಳೆ ತರಿಸಿ ಶಾಲೆಯ ಸಂಚಾಲಕರಾದ ಪಾದ್ರಿಗೆ ಕೈಯಾರೆ ಬರೆದರು. ಬರೆದದ್ದನ್ನು ಎಲ್ಲರೆದುರು ಓದಿದರು: ‘ಆ ಪತ್ರದ ಸಹಿ ನನ್ನದು, ಮಾತು ನನ್ನದಲ್ಲ. ಖಾಲಿ ಹಾಳೆಗೆ ಸಹಿ ಹಾಕಿದ ತಪ್ಪು ನನ್ನದೇ. ಸಂದರ್ಶನ ನಡೆಸಿ. ಮೇಘಶ್ರೀಯನ್ನೂ ಕರೆಯಿರಿ, ಚೈತ್ರಾಳನ್ನೂ ಕರೆಯಿರಿ. ನನ್ನ ಸಂಬಂಧಕ್ಕೆ ಒಂದು ಅಂಕವೂ ಬೇಡ.’

“ಸಹಿ ನಿಮ್ಮದಲ್ಲ ಅಂತ ಬರೆದಿದ್ರೆ ಸಾಕಿತ್ತಲ್ರಿ,” ಎಂದಳು ಚೈತ್ರಾ ಮೆಲ್ಲಗೆ. “ನಿಮ್ಮ ಮರ್ಯಾದಿ ಉಳೀತಿತ್ತು.”

“ಹಾಗೆ ಬರೆದ್ರೆ ಪ್ರವೀಣ ಕಳ್ಳ ಆಗ್ತಾನೆ. ಬಾಗಿಲು ತೆರೆದಿಟ್ಟೋನು ನಾನು.”

ಪ್ರವೀಣ ಹೊರಗೆ ಹೋದ. ಸಂಜೆಯೊಳಗೆ ಬಸ್ ನಿಲ್ದಾಣದ ಫ್ಲೆಕ್ಸ್‌ಗಳು ಇಳಿದವು. ಮರುದಿನ ಬೆಳಿಗ್ಗೆ ಚರ್ಚಿನ ಪೂಜೆಗೆ ಅಕ್ಕನ ಮನೆಯಿಂದ ಮೇಘಶ್ರೀ ಒಬ್ಬಳೇ ಬಂದಳು. ಹಿಂದಿನ ಸಾಲಿನಲ್ಲಿ ಕೂತು, ಮುಗಿಯುವ ಮೊದಲೇ ಎದ್ದು ಹೋದಳು.

ಹದಿನೈದು ದಿನದ ಮೇಲೆ ಸಂದರ್ಶನ ನಡೆಯಿತು. ಹನ್ನೊಂದು ಜನರಲ್ಲಿ ಚೈತ್ರಾ ಮೊದಲನೆಯವಳು, ಮೇಘಶ್ರೀ ನಾಲ್ಕನೆಯವಳು. ಆ ಪತ್ರದ ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಆರ್ಚ್‌ಬಿಷಪ್ ಸಹಿ ಮಾರುತ್ತಿದ್ದರಂತೆ ಎಂದು ಕೆಲವರು ಆಡಿಕೊಂಡರು. ರಾಯಪ್ಪನವರು ಅಕ್ಕನ ನಂಬರಿಗೆ ಮೂರು ಬಾರಿ ಕರೆ ಮಾಡಿದರು. ಮೂರು ಸಲವೂ ಯಾರೂ ಎತ್ತಲಿಲ್ಲ. ಆ ಕ್ರಿಸ್ಮಸ್‌ಗೆ ಸಾಸ್ವೆಹಳ್ಳಿಯಿಂದ ಮನೆಗೆ ಬಾ ಎಂಬ ಕರೆಯೂ ಬರಲಿಲ್ಲ.

ಹುಟ್ಟಿದೂರಲ್ಲಿ ರಾಯಪ್ಪನವರಿಗೆಂದು ಉಳಿದಿದ್ದ ಒಂದೇ ಮನೆ ಕೈತಪ್ಪಿತು. ಚೈತ್ರಾಳ ಕೆಲಸ ಚೈತ್ರಾಳಿಗೇ ಉಳಿಯಿತು.