ಅರ್ಧ ಚೀಲ

"ಆ ಬಾಂಡ್ಲಿ ಕೆಳಗಿಡೋ! ನಿಮ್ಮಪ್ಪನ ಎದೆ ಮೇಲೆ ಇಟ್ಟಿಗೆ ಚೂರು ಸುರೀತೀಯಾ?"

ಬೈರಮ್ಮ ಮಗನ ರಟ್ಟೆ ಹಿಡಿದು ಎಳೆದಳು. ಶ್ರೀರಾಂಪುರದ ಕಡೆಯ ಆ ಸ್ಮಶಾನದ ಹಿಂದಿನ ಮೂಲೆಯಲ್ಲಿ ಗುಂಡಿ ತೋಡಿದಾಗ ಬಂದದ್ದೆಲ್ಲ ಯಾವುದೋ ಕಟ್ಟಡದ ಒಡಕಲು. ಜಲ್ಲಿ, ಸಿಮೆಂಟಿನ ಹೆಂಟೆ, ಟೈಲ್ಸಿನ ಚೂರು. ಗುಂಡಿಯೊಳಗೆ ಅವಳ ಗಂಡ ಬೈರಯ್ಯ ಬಿಳಿ ಬಟ್ಟೆಯಲ್ಲಿ ಮಲಗಿದ್ದ.

"ಇನ್ನೇನ್ ಮಾಡ್ಲಿ ಅವ್ವಾ?" ಶಶಿ ರೇಗಿದ. "ಒಳ್ಳೇ ಮಣ್ಣಿರೋದು ಗೇಟ್ ಹತ್ರ. ಗೋರಿಗಳ ಮಧ್ಯೆ ಅಡ್ಡಡ್ಡ ನಡೆಯೋಕೂ ಜಾಗ ಇಲ್ಲ. ಅಷ್ಟನ್ನೂ ಯಾರು ಹೊರ್ತಾರೆ? ಜನ ಬೆಳಿಗ್ಗೆಯಿಂದ ಹಸ್ಕೊಂಡಿದಾರೆ."

"ಮೂವತ್ತು ವರ್ಷ ನಿಮ್ಮಪ್ಪ ಮಣ್ಣು ಹೊತ್ನಲ್ಲೋ, ಕತ್ತೆ!"

ಗೇಟಿನ ಬಳಿ ರಾಶಿ ಬಿದ್ದಿದ್ದ ಕೆಂಪು ಮಣ್ಣು ಮಲ್ಲೇಶ್ವರದ ಗಿರಿಜಾಂಬಾ ಟೀಚರದು. ಅವರ ತಾರಸಿ ತೋಟಕ್ಕೆಂದು ಹೋದ ವಾರ ಬೈರಯ್ಯನೇ ಜರಡಿ ಹಿಡಿದಿಟ್ಟಿದ್ದ. ಮೇಲಕ್ಕೆ ಹೊರುವ ಮುಂಚೆಯೇ ಅವನ ಎದೆಬಡಿತ ನಿಂತಿತು. "ಬೈರಯ್ಯ ಆರಿಸಿದ ಮಣ್ಣು, ಅವರಿಗೇ ಇರ್ಲಿ ಬೈರಮ್ಮ" ಎಂದು ಟೀಚರು ಟೆಂಪೋದಲ್ಲಿ ತಂದಿದ್ದರು. ಬೈರಯ್ಯನ ಖಾಲಿ ಚೀಲಗಳೂ ಜೊತೆಗೇ ಬಂದಿದ್ದವು.

ಯಾರೂ ಅಲುಗಲಿಲ್ಲ. ಬೇವಿನ ಮರದ ಕೆಳಗಿಂದ ಒಬ್ಬ ಎದ್ದು ಬಂದ. ಕೈಲಾಸ್! ಹನ್ನೆರಡು ವರ್ಷದ ಮೇಲೆ ಆ ಮುಖ ಕಂಡು ಬೈರಮ್ಮನ ಮೈ ಉರಿಯಿತು.

"ನೀನ್ಯಾಕೋ ಬಂದೆ?"

"ಬೈಯೋದು ಆಮೇಲೆ ಇಟ್ಕೊಳಕ್ಕ. ಚೀಲ ಕೊಡು."

*

ಹನ್ನೆರಡು ವರ್ಷದ ಹಿಂದಿನ ಮಾತು. ಟೀಚರ ತಾರಸಿಗೆ ಹಿತ್ತಲಿನ ಕಬ್ಬಿಣದ ಸುತ್ತು ಮೆಟ್ಟಿಲೊಂದೇ ದಾರಿ. ಬೈರಮ್ಮ ಕೆಳಗೆ ಮಣ್ಣು ತುಂಬುವವಳು, ಬೈರಯ್ಯ ಮತ್ತು ಕೈಲಾಸ್ ಹೆಗಲ ಮೇಲೆ ಹೊರುವವರು. ಮೇಲೆ ಇಟ್ಟಿಗೆಯಲ್ಲಿ ಸೊಂಟದೆತ್ತರ ಕಟ್ಟಿದ ಪಾತಿಗಳು. ಬೈರಯ್ಯನದು ಎರಡೇ ಕಟ್ಟಳೆ. ಚೀಲ ಅರ್ಧವೇ ತುಂಬಬೇಕು, ದೂರದ ಪಾತಿ ಮೊದಲು ತುಂಬಬೇಕು.

"ತುಂಬಿದ ಚೀಲ ತಿರುವಿನಲ್ಲಿ ಆಳನ್ನೇ ತಳ್ಳುತ್ತೆ. ಅರ್ಧ ಚೀಲ ಮಗು ಥರ ಹೆಗಲಿಗೆ ಅಂಟ್ಕೊಳ್ಳುತ್ತೆ" ಎನ್ನುತ್ತಿದ್ದ.

ಕೈಲಾಸ್ ಒಮ್ಮೆ ಕೆಲವು ಸಲ ಹತ್ತಿಳಿಯುವುದನ್ನು ಉಳಿಸಲು ತಾರಸಿಯಲ್ಲೇ ಬಿದ್ದಿದ್ದ ಇಟ್ಟಿಗೆ ಚೂರನ್ನು ಪಾತಿಯ ತಳಕ್ಕೆ ಸುರಿದು, ಮೇಲೆ ಒಂದು ಗೇಣು ಮಣ್ಣು ಹರಡಿದ. ಎರಡು ತಿಂಗಳಿಗೆ ಬದನೆ ಗಿಡ ಸೊರಗಿತು. ಬೈರಯ್ಯ ಪಾತಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ನೋಡಿದ. ಬಿಡಿ, ಆದದ್ದಾಯಿತು ಎಂದು ಟೀಚರೇ ಹೇಳಿದರೂ ಕೇಳದೆ, ಆ ಚೂರನ್ನೆಲ್ಲ ಒಬ್ಬನೇ ಕೆಳಗಿಳಿಸಿ, ಒಬ್ಬನೇ ಮತ್ತೆ ಮಣ್ಣು ಹೊತ್ತ.

"ಯಾರೂ ನೋಡಲ್ಲ ಅಂತ ತಾನೆ ಹಾಕಿದ್ದು? ಬೇರು ನೋಡ್ತಲ್ಲೋ" ಎಂದ ಕೈಲಾಸನಿಗೆ. "ನಾಳೆಯಿಂದ ಬರಬೇಡ."

ಕೈಲಾಸ್ ಚೀಲ ಬಿಸಾಡಿ ಹೋಗಿದ್ದ.

*

ಈಗ ಅದೇ ಕೈಲಾಸ್ ಅರ್ಧ ಚೀಲ ಹೆಗಲಿಗೇರಿಸಿ ಗೋರಿಗಳ ನಡುವೆ ಮಗ್ಗುಲಾಗಿ ಸರಿದ. ಶಶಿ ನಿಂತಿದ್ದ ಬದಿಯಲ್ಲಿ ಸುರಿಯದೆ, ಗುಂಡಿ ಬಳಸಿ ಆಚೆ ಹೋದ.

"ದೂರದ ಕಡೆಯಿಂದ ತುಂಬ್ಕೊಂಡು ಬಾ ಶಶಿ. ಇಲ್ಲಾಂದ್ರೆ ಆಮೇಲೆ ನಿಮ್ಮಪ್ಪನ ಮೇಲೇ ಕಾಲಿಟ್ಟು ದಾಟ್ಬೇಕಾಗುತ್ತೆ."

ಶಶಿ ಬಾಂಡ್ಲಿ ಬಿಟ್ಟು ಅಂಗಿ ಕಳಚಿದ. ಅವನ ಹಿಂದೆ ಇಬ್ಬರು, ಆಮೇಲೆ ಹತ್ತು ಜನ. ಬೈರಮ್ಮ ಗೇಟಿನ ಬಳಿ ಕೂತು ಚೀಲ ತುಂಬಿದಳು. ಗಿರಿಜಾಂಬಾ ಟೀಚರು ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಚೀಲದ ಬಾಯಿ ಹಿಡಿದರು.

"ಸಾಕೇನಮ್ಮ, ಇಷ್ಟು?"

"ಅರ್ಧ ಟೀಚರ್. ಅರ್ಧಾನೇ."

ಕೊನೆಗೆ ಬೈರಮ್ಮ ಗುಂಡಿಯ ಮೇಲೆದ್ದ ದಿಬ್ಬದೊಳಗೆ ಮೊಣಕೈವರೆಗೆ ಕೈ ಇಳಿಸಿದಳು. ಒಂದು ಹರಳೂ ತಾಗಲಿಲ್ಲ.

"ಕೈಲಾಸ್ ಮಾವ, ಮಜ್ಜಿಗೆ ತಗೊಳ್ಳಿ" ಎಂದ ಶಶಿ.

"ಕೈ ತೊಳ್ಕೊಂಡ್ ಬರ್ತೀನಿ" ಎಂದು ಕೈಲಾಸ್ ಖಾಲಿ ಚೀಲಗಳನ್ನು ಬಾಚಿಕೊಂಡು ಗೇಟಿನ ಆಚೆಯ ನಲ್ಲಿಯ ಕಡೆ ನಡೆದ.

ಲೋಟದ ಮೇಲೆ ನೊಣ ಕೂತಿತು. ಬೈರಮ್ಮ ತಾನೇ ಎದ್ದು ಹೋಗಿ ನೋಡಿದಳು. ಕೈಲಾಸ್ ಅಲ್ಲಿರಲಿಲ್ಲ. ನಲ್ಲಿಯ ಕೆಳಗಿನ ಕಲ್ಲು ಒಣಗಿಯೇ ಇತ್ತು. ಪಕ್ಕದಲ್ಲಿ ಚೀಲಗಳನ್ನೆಲ್ಲ ಕೊಡವಿ, ಬೈರಯ್ಯ ಮಡಿಸುತ್ತಿದ್ದ ಹಾಗೇ ಮಡಿಸಿ ಪೇರಿಸಿಟ್ಟಿತ್ತು. ಎಲ್ಲಕ್ಕಿಂತ ಮೇಲಿನ ಚೀಲದ ಮೇಲೆ ಕೆಂಪು ಮಣ್ಣಿನ ಐದು ಬೆರಳಿನ ಅಚ್ಚು.